ಜೋಡಿ ಕಾರ್ಡಿನ ರೇಸು

ಭುವನಾ ಗ್ರಾಫಿಕ್ಸ್ ಕಾರ್ಡನ್ನು ತಲೆಕೆಳಗಾಗಿ ಹಿಡಿದು ಕೊಡವಿದಳು. ಫ್ಯಾನಿನ ಸಂದಿಯಿಂದ ಅರಿಶಿನ ಹತ್ತಿದ ನಾಲ್ಕು ಅಕ್ಕಿಕಾಳು ಉದುರಿದವು. ಮದುವೆಯಾಗಿ ಮಡಕಶಿರದಿಂದ ರಾಯದುರ್ಗಕ್ಕೆ ಹೊರಟಾಗ, ಬಸ್ಸಿನ ಕುಲುಕಾಟಕ್ಕೆ ಕಾರ್ಡು ಒಡೆದೀತೆಂದು ಮಡಿಲಕ್ಕಿಯ ಗಂಟಿನೊಳಗೇ ಹುದುಗಿಸಿ ತಂದ ಮಹಾತಾಯಿ ಅವಳು. ಗಂಟು ಬಿಚ್ಚಿದ ಅತ್ತೆ ಪಂಪಮ್ಮ ಬೆಲ್ಲ, ಕೊಬ್ಬರಿ ಬಟ್ಟಲುಗಳ ನಡುವೆ ಎರಡು ಫ್ಯಾನಿನ ಕರಿ ಡಬ್ಬಿ ಕಂಡು, ಇದನ್ನು ದೇವರ ಮುಂದೆ ಇಡಬೇಕೋ ಅಡುಗೆಮನೆಯಲ್ಲಿ ಇಡಬೇಕೋ ತಿಳಿಯದೆ ಅರ್ಧ ಗಂಟೆ ಕೈಯಲ್ಲೇ ಹಿಡಿದು ಕೂತಿದ್ದರಂತೆ.

ಗಂಡ ಸಿದ್ದರಾಮೇಶನಿಗಂತೂ ಸ್ವರ್ಗಕ್ಕೆ ಮೂರೇ ಗೇಣು. ಅವನ ಕಂಪ್ಯೂಟರಿನಲ್ಲೂ ಅದೇ ಕಂಪನಿಯ, ಅದೇ ನಮೂನೆಯ ಕಾರ್ಡು. ಎರಡನ್ನೂ ಜೋಡಿಸಿದರೆ ಚಿತ್ರ ಬಿಡಿಸುವ ಕೆಲಸವನ್ನು ಎರಡೂ ಹಂಚಿಕೊಳ್ಳುತ್ತವೆ, ಗೇಮು ಬೆಣ್ಣೆಯ ಹಾಗೆ ಜಾರುತ್ತದೆ ಎಂದು ಮದುವೆಯ ಚಪ್ಪರದಲ್ಲೇ ಹೆಂಡತಿಯ ಕಿವಿಯಲ್ಲಿ ಹೇಳಿದ್ದ. ಎರಡನ್ನೂ ಕೂಡಿಸುವ ಬೆರಳುದ್ದದ ಪಟ್ಟಿಯನ್ನು ಬಳ್ಳಾರಿಯ ಅಂಗಡಿಗಳನ್ನೆಲ್ಲ ಜಾಲಾಡಿ ತಂದಿದ್ದ.

ಇವತ್ತು ಭಾನುವಾರ, ಸಾಯಂಕಾಲ ನಾಲ್ಕಕ್ಕೆ ಕಾರ್ ರೇಸು. ಎದುರಾಳಿ ಮಡಕಶಿರದ ಮನೆಯಲ್ಲಿ ಕೂತ ಭುವನಾಳ ಅಣ್ಣ ಬಾಲರಾಜು. ಅವಳು ತಂದ ಕಾರ್ಡು ಅಸಲಿಗೆ ಅವನದೇ. ತಾನು ಅದಕ್ಕಿಂತ ದೊಡ್ಡದು ಕೊಂಡ ಮೇಲೆ ತಂಗಿಗೆ ಆಡಲು ಬಿಟ್ಟಿದ್ದ. ಹಾಗಂತ ಸುಮ್ಮನೆ ಬಿಟ್ಟುಕೊಟ್ಟರೆ ಅವನು ಅಣ್ಣ ಹೇಗಾದಾನು? ಗೆದ್ದರೆ ಕಾರ್ಡು ನಿನ್ನದು, ಸೋತರೆ ನಾಳೆಯ ಬಸ್ಸಿಗೇ ವಾಪಸು ಎಂದು ಷರತ್ತು ಹಾಕಿದ್ದ. ಆರು ವರ್ಷದಲ್ಲಿ ಭುವನಾ ಅವನನ್ನು ಒಂದು ಸಲವೂ ಸೋಲಿಸಿರಲಿಲ್ಲ. ಸೋತಾಗಲೆಲ್ಲ ಒಂದೇ ರಾಗ: ತಿರುವಿನಲ್ಲಿ ಚಿತ್ರ ತಡವರಿಸುತ್ತೆ, ಒಂದು ಕಾರ್ಡು ಸಾಲದು. ಇವತ್ತು ಆ ಮಾತು ನಡೆಯುವುದಿಲ್ಲ. ಅದಕ್ಕೇ ಖುಷಿಯಲ್ಲಿ ಕುಣಿಯುತ್ತಲೇ ಅವಳು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದಳು.

ಮೂರೂವರೆಗೆ ಎರಡೂ ಕಾರ್ಡು ಜಾಗದಲ್ಲಿ ಕೂತವು. ಸ್ವಿಚ್ ಒತ್ತಿದರು. ಪರದೆ ಕಪ್ಪೋ ಕಪ್ಪು. ಇನ್ನೊಮ್ಮೆ ಒತ್ತಿದರು. ಊಹೂಂ. ಸಿದ್ದರಾಮೇಶ ಬೆವರುತ್ತ ಕಾರ್ಡು ಹೊರಗೆಳೆದು ಬೆಳಕಿಗೆ ಹಿಡಿದರೆ, ಒಳಗೆ ಕೂತು ಕರೆಂಟು ಹಾಯಿಸಬೇಕಾದ ಬಂಗಾರದ ಬಣ್ಣದ ಅಂಚಿನ ಮೇಲೆ ಉಗುರಿನಷ್ಟು ಸ್ಟಿಕರು. ಇನ್ನೊಂದು ಕಾರ್ಡಿಗೂ ಅಂಥದ್ದೇ. ಎರಡರ ಮೇಲೂ ನಲವತ್ತೇಳು ಎಂಬ ನಂಬರು.

ಗಂಡಹೆಂಡತಿ ಇಬ್ಬರೂ ಒಟ್ಟಿಗೇ ಮಾವ ಮರುಳಪ್ಪನವರ ಕಡೆ ತಿರುಗಿದರು. ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಕಟಿಂಗ್ ಮಾಸ್ಟರ್ ಅವರು.

“ಜೋಡಿ ಮಾಲು ಟೇಬಲ್ ಮ್ಯಾಲ ಬಿಟ್ಟು ಊಟಕ್ಕ ಹೋದ್ರ ನಾ ಹೆಂಗ ಸುಮ್ನ ಕುಂದರ್ಲಿ?” ಎಂದರು ಮರುಳಪ್ಪ, ತಪ್ಪೇನೆಂದು ತಿಳಿಯದೆ. ಒಂದೇ ಬಟ್ಟೆಯ ಥಾನಿನಿಂದ ಕತ್ತರಿಸಿದ ಎಡಗಾಲಿಗೂ ಬಲಗಾಲಿಗೂ ಒಂದೇ ನಂಬರು ಹಚ್ಚಬೇಕು, ಇಲ್ಲದಿದ್ದರೆ ಯಾವುದೋ ಥಾನಿನ ಕಾಲು ಬಂದು ಸೇರಿ, ಒಗೆದ ಮೇಲೆ ಒಂದು ಕಾಲು ನೀಲಿ, ಇನ್ನೊಂದು ಬೂದಿ ಆಗುತ್ತದೆ ಎಂದು ವಿವರಿಸಿದರು. ಸ್ಟಿಕರು ಹೊರಗೆ ಕಾಣಬಾರದು, ಹೊಲಿಗೆಯೊಳಗೆ ಹೋಗುವ ಅಂಚಿಗೇ ಬರಬೇಕು. ಇದರಲ್ಲಿ ಒಳಗೆ ಹೋಗುವ ಅಂಚು ಯಾವುದೆಂದು ಬೆಳಿಗ್ಗೆ ಮಗನನ್ನೇ ಕೇಳಿ ತಿಳಿದುಕೊಂಡಿದ್ದರು ಬೇರೆ.

“ಮಾವ, ನಿಜ ಹೇಳಿ. ನಮ್ಮಣ್ಣ ಏನಾದ್ರೂ ನಿಮಗೆ ಫೋನ್ ಮಾಡಿದ್ನಾ?” ಎಂದು ಭುವನಾ ನಗು ತಡೆಯಲಾರದೆ ಕೇಳಿದಳು.

ಸ್ಟಿಕರು ಕಿತ್ತು, ಅಂಟನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದಾಗ ನಾಲ್ಕಕ್ಕೆ ಎರಡು ನಿಮಿಷವಿತ್ತು. ಪರದೆ ಝಗ್ಗನೆ ಬೆಳಗಿತು. ಪೆಟ್ಟಿಗೆಯ ಮುಚ್ಚಳ ಹಾಕಲೂ ಪುರಸೊತ್ತಿಲ್ಲ. ಫೋನಿನಲ್ಲಿ ಆಗಲೇ ಬಾಲರಾಜು, ಕಾರ್ಡು ಪ್ಯಾಕ್ ಮಾಡಿ ಇಟ್ಟಿದ್ದೀಯೋ ಇಲ್ಲವೋ ಎಂದು ಗೇಲಿ ಮಾಡುತ್ತಿದ್ದ.

ಮೂರು ಸುತ್ತಿನ ರೇಸು. ಮೊದಲ ಸುತ್ತಿನಲ್ಲಿ ಅಣ್ಣ ಮುಂದೆ. ಎರಡನೆಯದರಲ್ಲೂ ಅವನೇ. ತಿರುವಿನಲ್ಲಿ ಚಿತ್ರ ಹಳೇ ಚಾಳಿಯಂತೆ ಒಂದೆರಡು ಸಲ ತಡವರಿಸಿತು. ಭುವನಾ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಎರಡು ಕಾರ್ಡು ಎಳೆಯುತ್ತಿರುವಾಗ ಹೆದರುವುದೇಕೆ ಎಂದು, ಮೊದಲಾದರೆ ಕಣ್ಣು ಮುಚ್ಚಿ ಬ್ರೇಕ್ ಒತ್ತುತ್ತಿದ್ದ ಜಾಗದಲ್ಲೆಲ್ಲ ನುಗ್ಗಿದಳು. ಕೊನೆಯ ತಿರುವಿನಲ್ಲಿ ಅಣ್ಣನ ಕಾರಿಗೆ ಉಜ್ಜಿಕೊಂಡೇ ಒಳಗಿನಿಂದ ದಾಟಿ ಗೆರೆ ಮುಟ್ಟಿದಳು. ಸಿದ್ದರಾಮೇಶ ಅಪ್ಪನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿದ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಒಟ್ಟಿಗೇ ಬಂತು.

ಫೋನಿನಲ್ಲಿ ಅಣ್ಣ ಮೂಗು ಮುರಿದ. “ಕಾರ್ಡು ನಿಂದೇ ಇಟ್ಕೋ ಹೋಗಮ್ಮಿ. ಎರಡೆರಡು ಹಾಕ್ಕಂಡು ಗೆದ್ರೆ ಅದೇನು ದೊಡ್ಡ ಗೆಲುವು? ನಂದು ಒಂದೇ ಅಲ್ವಾ” ಎಂದ. ಭುವನಾಳ ಮುಖ ಸ್ವಲ್ಪ ಇಳಿಯಿತು. ಅವನು ಹೇಳುವುದರಲ್ಲೂ ನ್ಯಾಯವಿದೆ ಅನ್ನಿಸಿತು.

ಪಂಪಮ್ಮ ಇಷ್ಟರಲ್ಲಿ ಕುಂಕುಮದ ಬಟ್ಟಲು ತಂದು, ಎರಡೂ ಕಾರ್ಡಿಗೆ ಬೊಟ್ಟಿಡಲು ತೆರೆದ ಪೆಟ್ಟಿಗೆಯೊಳಗೆ ಕೈ ಹಾಕಿದರು. ಮೇಲಿನದು ಚುರುಕ್ಕೆಂದಿತು. ಕೆಳಗಿನದನ್ನು, ಸೊಸೆ ತಂದದ್ದನ್ನು, ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು. ಹೊಸ ಮಡಕೆಯ ನೀರಿನಷ್ಟು ತಣ್ಣಗಿತ್ತು, ಫ್ಯಾನು ಸಹ ತಿರುಗುತ್ತಿರಲಿಲ್ಲ. ಯಾಕ ಹಿಂಗ ಎಂದು ಮಗನ ಮುಖ ನೋಡಿದರು. ಸಿದ್ದರಾಮೇಶ ಬಗ್ಗಿ ನೋಡಿ, ತಲೆ ಕೆರೆದುಕೊಂಡು, ಎರಡು ಕಾರ್ಡಿಗೆ ಕೆಲಸ ಹಂಚುವುದು ಈ ಗೇಮಿಗೆ ಬರುವುದೇ ಇಲ್ಲ ಕಾಣುತ್ತದೆ, ಪೂರಾ ರೇಸು ಒಂದೇ ಕಾರ್ಡಿನ ಮೇಲೆ ಓಡಿದೆ ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡ.

ಪಂಪಮ್ಮ ಬೊಟ್ಟಿಡಲು ಅದ್ದಿದ್ದ ಬೆರಳನ್ನು ಕಾರ್ಡಿನಿಂದ ಸರಿಸಿ, ಸೊಸೆಯ ಹಣೆಗೆ ಒತ್ತಿದರು.

“ಇದು ಕೆಲಸಾನ ಮಾಡಿಲ್ಲಂದ್ರ, ಮತ್ತ ಗೆದ್ದಾಕಿ ಯಾರವ್ವ?”