ಗಾಜಿನ ಮನೆಯ ಅರಳಿಮರ

ಗಾಜಿನ ಮನೆಯ ಕೊನೆಯ ಮೂಲೆಯಲ್ಲಿ ಅಂತೂ ಒಂದು ಅರಳಿಮರ ಸಿಕ್ಕಿತು. ಸಿಕ್ಕಿದ್ದೇನೋ ಸಿಕ್ಕಿತು, ಸುತ್ತುವುದಕ್ಕೆ ಜಾಗವಿರಲಿಲ್ಲ. ಆಳೆತ್ತರದ ಗಿಡ, ದೊಡ್ಡ ಕುಂಡದಲ್ಲಿ ನೆಟ್ಟು, ಚಕ್ರದ ಹಲಗೆಯ ಮೇಲಿಟ್ಟು, ಎರಡು ಗಾಜಿನ ಗೋಡೆ ಕೂಡುವ ಕಡೆ ಒತ್ತರಿಸಿಬಿಟ್ಟಿದ್ದರು. ಮುಂದಕ್ಕೆ ಎಳೆಯೋಣವೆಂದರೆ ನೀರಿನ ಪೈಪು ಅಡ್ಡ. ನರಸಿಂಹಮ್ಮ ಎಲೆಯ ಬಾಲದಂಥ ತುದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕುಂಡದ ಹಿಂದೆ ಇಣುಕಿದಳು. ಬೆಕ್ಕು ಕೂಡ ನುಸುಳುವಂತಿರಲಿಲ್ಲ.

ಅವಳ ಗಂಡ ಅಂಜನಮೂರ್ತಿಗೆ ಗುಬ್ಬಿಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಹೆಚ್ಚು ಮೋಟರು ಮಾರಿದ ಡೀಲರುಗಳನ್ನು ಕಂಪನಿಯವರು ಹೆಂಡತಿ ಸಮೇತ ರಷ್ಯಾದ ಪಕ್ಕದ ಜಾರ್ಜಿಯಾ ದೇಶಕ್ಕೆ ಕರೆತಂದಿದ್ದರು. ಅವತ್ತು ಶನಿವಾರ. ತುಮಕೂರಿನಲ್ಲಿರುವ ಮಗಳು ಸುಶ್ಮಿತಾ ಎರಡು ಸಲ ಬಸಿರಾಗಿ ಎರಡು ಸಲವೂ ಗರ್ಭ ಇಳಿದುಹೋಗಿತ್ತು. ಈಗ ಮೂರನೆಯ ಬಸಿರು. ಈ ಸಲ ಹೆರಿಗೆಯಾಗುವವರೆಗೂ ಒಂದು ಶನಿವಾರವನ್ನೂ ತಪ್ಪಿಸದೆ ಖಾಲಿ ಹೊಟ್ಟೆಯಲ್ಲಿ ಅರಳಿಮರ ಸುತ್ತುತ್ತೇನೆಂದು ನರಸಿಂಹಮ್ಮ ಹರಕೆ ಹೊತ್ತಿದ್ದಳು. ಇಲ್ಲಿಗೆ ಬರಲು ಅವಳಿಗೆ ಮನಸ್ಸೇ ಇರಲಿಲ್ಲ. ಮಗಳೇ ಬಲವಂತ ಮಾಡಿ ಕಳಿಸಿದ್ದಳು. ಮನಸ್ಸಿನಲ್ಲೇ ಸುತ್ತು, ದೇವರಿಗೆ ಗೊತ್ತಾಗುತ್ತದೆ ಎಂದು ಅಂಜನಮೂರ್ತಿ ವಿಮಾನದಲ್ಲಿ ಹೇಳಿ ನೋಡಿದ್ದ. ನೀವು ಮನಸ್ಸಿನಲ್ಲೇ ಊಟ ಮಾಡುತ್ತೀರಾ ಎಂದು ಅವಳು ಕೇಳಿದ್ದಳು.

ಹಾಗಾಗಿ ಗೈಡು ಪಾರ್ಕಿನ ಮುಂದೆ ಬಸ್ಸು ನಿಲ್ಲಿಸಿದಾಗ ಉಳಿದವರೆಲ್ಲ ಹೂವಿನ ಮುಂದೆ ಫೋಟೋಗೆ ನಿಂತರು, ಇವಳು ಒಂದೊಂದೇ ಮರವನ್ನು ತಲೆಯೆತ್ತಿ ನೋಡುತ್ತ ಹೊರಟಳು. ಪಾರ್ಕೇನೋ ಚೆನ್ನಾಗಿತ್ತು. ಹುಲ್ಲಿನ ಮೇಲೆ ಕಾಲಿಟ್ಟರೆ ಸೀಟಿ ಊದುವ ವಾಚ್‌ಮನ್ ಇಲ್ಲ. ಜನ ಸಂಸಾರ ಸಮೇತ ಮಲಗಿಯೇ ಬಿಟ್ಟಿದ್ದರು. ಗುಲಾಬಿಗೆ ಬೇಲಿಯಿಲ್ಲ, ಆದರೂ ಕಿತ್ತವರಿಲ್ಲ. ನಮ್ಮ ಕಡೆ ಆಗಿದ್ದರೆ ಪೂಜೆಗೆಂದು ಬೆಳಗಾಗುವುದರೊಳಗೆ ಗಿಡ ಬೋಳಾಗಿರುತ್ತಿತ್ತು ಎಂದು ಅಂಜನಮೂರ್ತಿ ಮೆಚ್ಚಿಕೊಂಡ. ಇಷ್ಟು ದೊಡ್ಡ ಪಾರ್ಕಿಟ್ಟುಕೊಂಡು ಒಂದು ಅರಳಿಕಟ್ಟೆ ಇಲ್ಲವಲ್ಲ ಎಂದು ಅವಳು ಗೊಣಗಿಕೊಳ್ಳುತ್ತಲೇ ಅಲ್ಲಿದ್ದ ಗಾಜಿನ ಮನೆಯನ್ನೂ ಹೊಕ್ಕಿದ್ದಳು.

ಈಗ ಚಪ್ಪಲಿ ಬಿಟ್ಟು, ಗಿಡಗಳಿಗೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ, ಕುಂಡದ ಮುಂದೆ ನಿಂತವಳನ್ನು ಕಂಡು ಗಿಡಗಳನ್ನು ನೋಡಿಕೊಳ್ಳುವ ಹೆಂಗಸು ಓಡಿಬಂದಳು. ನರಸಿಂಹಮ್ಮನದೇ ವಯಸ್ಸು, ಮೇಲೊಂದು ಹಸಿರು ಏಪ್ರನ್ನು. ಬೈಯುತ್ತಾಳೆಂದು ಅಂಜನಮೂರ್ತಿ ಹೆದರಿದ. ನರಸಿಂಹಮ್ಮ ಮಾತ್ರ ಗಿಡವನ್ನು ತೋರಿಸಿ, ಗಾಳಿಯಲ್ಲಿ ಬೆರಳಿನಿಂದ ಒಂದು ಸುತ್ತು ಬರೆದು, ಕೈಮುಗಿದಳು. ಹೆಂಗಸು ಸ್ವಲ್ಪ ಯೋಚಿಸಿದಳು. ಗಿಡದ ಹಿಂಭಾಗ ನೋಡಬೇಕಂತೆ ಎಂದುಕೊಂಡಳೋ ಏನೋ, ಕುಂಡದ ಅಂಚು ಹಿಡಿದು ನಿಧಾನವಾಗಿ ತಿರುಗಿಸತೊಡಗಿದಳು. ಕೈಮುಗಿದು ನಿಂತವಳ ಮುಂದೆ ಅರಳಿಮರವೇ ಸುತ್ತತೊಡಗಿತು.

ಅಂಜನಮೂರ್ತಿಗೆ ಮೊದಲು ನಗು ಬಂತು. ಆಮೇಲೆ ಸುಮ್ಮನಿರಲಾಗಲಿಲ್ಲ.

"ಏಯ್ ನಿಲ್ಸಮ್ಮ, ಉಲ್ಟಾ ತಿರುಗಿಸ್ತಿದೀಯ," ಎಂದ, ಕನ್ನಡದಲ್ಲೇ.

"ಸುಮ್ಕಿರಿ, ಹೆಂಗೋ ಒಂದು ಸುತ್ತಲಿ," ಎಂದಳು ನರಸಿಂಹಮ್ಮ.

"ಹೆಂಗೋ ಅಂದ್ರೆ ಹೆಂಗೆ? ನೀನು ಎಡಗಡೆಯಿಂದ ತಾನೆ ಸುತ್ತೋಕೆ ಹೊರಡೋದು? ಹಂಗಾರೆ ಎಡಗಡೆ ಕೊಂಬೆ ಮೊದ್ಲು ನಿನ್ ಮುಂದಕ್ಕೆ ಬರ್ಬೇಕು. ಮೋಟ್ರು ಉಲ್ಟಾ ತಿರುಗಿದ್ರೆ ನೀರು ಎತ್ತಲ್ಲ ಕಣೇ."

ತಾನೇ ಹಗ್ಗ ದಾಟಿ ಕೈಸನ್ನೆಯಲ್ಲಿ ಹೇಳಿಕೊಟ್ಟ. ಹೆಂಗಸು ಬೇಸರಿಸದೆ ಮತ್ತೆ ಮೊದಲಿನಿಂದ ಶುರು ಮಾಡಿ, ಈ ಸಲ ಸರಿಯಾಗಿ ತಿರುಗಿಸಿದಳು. ನರಸಿಂಹಮ್ಮ ಸಾಕೆಂದು ತಲೆಯಾಡಿಸುವವರೆಗೂ ಬಿಡಲಿಲ್ಲ. ಆಮೇಲೆ ಸೊಂಟ ನೇರ ಮಾಡಿಕೊಂಡು ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಅಂಜನಮೂರ್ತಿ ಭಾಷಾಂತರ ಮಾಡುವ ಮೊಬೈಲನ್ನು ಅವಳ ಮುಂದೆ ಹಿಡಿದ. ಇದೆಲ್ಲ ಯಾಕೆ ಎಂದು ಅದರಲ್ಲಿ ಬಂತು. ಸಂಪ್ರದಾಯ, ಆಮ್ಲಜನಕ, ವಿಜ್ಞಾನ ಎಂದು ಸಣ್ಣದೊಂದು ಭಾಷಣ ಅವನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಬಾಯಿಬಿಟ್ಟಾಗ ಬಂದದ್ದೇ ಬೇರೆ.

"ನಮ್ ಹುಡ್ಗೀಗೆ ಎರಡು ಸಲ ಅಬಾರ್ಷನ್ ಆಗೋಯ್ತು ಕಣಮ್ಮ. ಇದಾದ್ರೂ ಉಳೀಲಿ ಅಂತ. ನಂಗೂ ಭಯ ಆಗ್ತದೆ."

ಈ ಮಾತನ್ನು ಅವನು ಮನೆಯಲ್ಲಿ ಒಮ್ಮೆಯೂ ಆಡಿದವನಲ್ಲ. ನರಸಿಂಹಮ್ಮ ಅವನ ಮುಖವನ್ನೇ ನೋಡಿದಳು. ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನನ್ನು ಆಡಿಕೊಳ್ಳುತ್ತಿದ್ದನಲ್ಲ ಎಂದು ಸಿಟ್ಟೂ ಬಂತು, ಕನಿಕರವೂ ಆಯಿತು.

ಹೆಂಗಸು ಮೊಬೈಲಿನಲ್ಲಿ ಬಂದದ್ದನ್ನು ಓದಿದಳು, ಮತ್ತೊಮ್ಮೆ ಓದಿದಳು. ಬಗ್ಗಿ ತನ್ನ ಬೂಟು ಬಿಚ್ಚಿ ಪಕ್ಕಕ್ಕಿಟ್ಟಳು. ನರಸಿಂಹಮ್ಮ ನಿಂತಿದ್ದ ಜಾಗಕ್ಕೆ ಬಂದು, ಆಗಷ್ಟೇ ನೋಡಿ ಕಲಿತ ಹಾಗೆ ಎರಡೂ ಕೈ ಜೋಡಿಸಿದಳು. ಆಮೇಲೆ ಅಂಜನಮೂರ್ತಿಯನ್ನು ನೋಡಿ, ಈಗ ನೀನು ತಿರುಗಿಸು ಎನ್ನುವಂತೆ ಕುಂಡದ ಕಡೆ ತಲೆಯಾಡಿಸಿದಳು.

ಹೊರಗೆ ಗೈಡು ಎಲ್ಲರನ್ನೂ ಬಸ್ಸಿಗೆ ಕೂಗುತ್ತಿದ್ದ. ಅಂಜನಮೂರ್ತಿ ಹೆಂಡತಿಯ ಕಡೆ ನೋಡಿದ.

"ನಿಲ್ತದೆ ಬುಡಿ ಬಸ್ಸು," ಎಂದಳು ನರಸಿಂಹಮ್ಮ. "ಪಾಪ, ಅವಳಿಗೆ ಯಾರ ಚಿಂತೆಯೋ ಏನೋ."

ಅಂಜನಮೂರ್ತಿ ಕುಕ್ಕರಗಾಲಿನಲ್ಲಿ ಕುಳಿತು ತನ್ನ ಶೂಗಳ ಲೇಸು ಬಿಚ್ಚತೊಡಗಿದ.