ಟೈಲ್ಸಿಗೆ ಹೊಂದೋ ಬಣ್ಣ

"ಅಮ್ಮಾ, ಅಮ್ಮಾ, ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದೀರಾ?" ಎಂದು ಅಂಗಡಿಯವನು ಕೂಗುವಷ್ಟರಲ್ಲಿ ಹೊಂಬಾಳಮ್ಮ ಎರಡು ಟೈಲ್ಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಿ.ಎಚ್. ರಸ್ತೆಯ ಫುಟ್‌ಪಾತಿಗೆ ಇಳಿದೇಬಿಟ್ಟಿದ್ದಳು. ಹಿಂದೆಯೇ ಸೊಸೆ ಯಶಸ್ವಿನಿ ಓಡಿಬಂದಳು, ಕೈಯಲ್ಲಿ ಪೇಂಟಿನ ಶೇಡ್ ಕಾರ್ಡು.

"ಒಳಗೆ ಟ್ಯೂಬ್‌ಲೈಟು ಕಣಪ್ಪಾ. ಅದರಡಿ ಎಲ್ಲಾ ಬಣ್ಣಾನೂ ಚೆನ್ನಾಗೇ ಕಾಣ್ತವೆ. ಬಿಸ್ಲಲ್ಲಿ ನೋಡ್ಬೇಕು" ಎಂದವಳೇ ಯಾರದೋ ಸ್ಕೂಟರಿಗೆ ಟೈಲ್ಸನ್ನು ಒರಗಿಸಿ ನಿಲ್ಲಿಸಿದಳು. ಎರಡೂ ಕೆನೆಬಣ್ಣದವೇ. ಒಂದು ಮಿರಮಿರ ಮಿಂಚುತ್ತಿತ್ತು, ಇನ್ನೊಂದಕ್ಕೆ ಹೊಳಪಿಲ್ಲ, ಮುಟ್ಟಿದರೆ ತರಿತರಿ. ಆಮೇಲೆ ಬ್ಯಾಗಿನಿಂದ ಸಣ್ಣದೊಂದು ಡಬ್ಬಿ ತೆಗೆದಳು. ಅದರೊಳಗೆ ಏನಿತ್ತು ಅಂತೀರಿ? ಬೆಳಗಿನ ಒಗ್ಗರಣೆ! ಎಣ್ಣೆ, ಅರಿಸಿನ, ಸಾಸಿವೆ ಸಮೇತ. ಎರಡಕ್ಕೂ ಬಳಿದಳು. ಅಂಗಡಿಯವನು ಹಣೆ ಚಚ್ಚಿಕೊಂಡ.

ಶಿರಾಗೇಟಿನ ಅವರ ಮನೆಯಲ್ಲಿ ಹಾಲಿಗೂ ಅಡುಗೆಮನೆಗೂ ನಡುವೆ ಇದ್ದ ಗೋಡೆ ಹೋದ ವಾರವಷ್ಟೇ ಬಿದ್ದಿತ್ತು. ಅಂತರಸನಹಳ್ಳಿಯ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವ ಯಶಸ್ವಿನಿ ಯಾರದೋ ಗೃಹಪ್ರವೇಶದಲ್ಲಿ 'ಓಪನ್ ಕಿಚನ್' ನೋಡಿಬಂದು ಹಚ್ಚಿದ ಆಸೆ ಅದು. ಗೋಡೆಯ ತುದಿಯಲ್ಲಿದ್ದ ಗಿಡ್ಡ ಬಾಗಿಲೂ ಹೋಯಿತು. ಹೊಂಬಾಳಮ್ಮನ ಗಂಡ, ಆರಡಿ ಎತ್ತರದ ನರಸಿಂಹಯ್ಯನವರು ಅಪರೂಪಕ್ಕೆ ಅಡುಗೆಮನೆಗೆ ಬಂದಾಗಲೆಲ್ಲ ಅವರ ಹಣೆಗೆ ಬಡಿಯುತ್ತಿದ್ದ ಬಾಗಿಲು. ಗೋಡೆ ಒಡೆಯಲು ಅವರು ಹೂಂ ಅಂದಿದ್ದರು. ಬಣ್ಣದ ವಿಷಯ ಬಂದಾಗ ಮಾತ್ರ ಪಟ್ಟು ಹಿಡಿದರು. "ಒಳಗಡೆ ಚಾಕಲೇಟ್ ಬಣ್ಣದ ಟೈಲ್ಸ್ ಹಾಕ್ಸಿ, ಜಿಡ್ಡು ಕಾಣಲ್ಲ. ಹಾಲು ಹಾಲೇ, ಅಡುಗೆಮನೆ ಅಡುಗೆಮನೇನೇ. ನೋಡಿದವ್ರಿಗೆ ಗೊತ್ತಾಗ್ಬೇಕು."

"ಗೋಡೆ ಒಡೆದ್ರೂ ನಿಮ್ಮಾವ ಬಣ್ಣದಲ್ಲಿ ಗೆರೆ ಎಳೀತಾರೆ ಕಣೇ ಯಶೂ" ಎಂದಳು ಹೊಂಬಾಳಮ್ಮ, ಕರ್ಚೀಫಿನಿಂದ ಟೈಲ್ಸ್ ಒರೆಸುತ್ತಾ. "ಮದ್ವೆ ಆಗಿ ಬಂದಾಗಿಂದ ಆ ಗೋಡೆ ಹಿಂದೆ ಒಬ್ಳೇ ಉಂಡಿದೀನಿ, ಅದೂ ಎಲ್ರದ್ದೂ ಆದ್ಮೇಲೆ, ಆರಿದ ಮುದ್ದೆ. ಹಾಲಲ್ಲಿ ನೀವೆಲ್ಲ ನಗ್ತಿರ್ತೀರ, ಏನಕ್ಕೆ ಅಂತಾನೂ ಗೊತ್ತಾಗಲ್ಲ. ನಂಗೆ ಎಲ್ರ ಜತೆ ಕೂತು ಬಿಸಿಬಿಸಿ ಉಣ್ಬೇಕು ಅಷ್ಟೇ. ಆ ಗೋಡೆ ಈ ಗೋಡೆ ಅಂತ ಗೊತ್ತಾಗ್ಬಾರ್ದು, ಒಂದೇ ಬಣ್ಣ ಇರ್ಬೇಕು." ತರಿತರಿ ಟೈಲ್ಸಿನ ಮೇಲೆ ಅರಿಸಿನದ ಕಲೆ ಹಾಗೇ ಕೂತಿತ್ತು. ಮಿಂಚುವುದು ಒಂದೇ ಉಜ್ಜಿಗೆ ಕನ್ನಡಿಯಾಯಿತು. "ಅಯ್ಯೋ ನೋಡೇ! ಹೋಗೇಬಿಡ್ತು! ಜಿಡ್ಡು ಕಾಣುತ್ತೆ ಅಂತಾರಲ್ಲ, ಈಗ ಏನಂತಾರೋ ಅನ್ಲಿ!" ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ನೋಡಲಿ, ಅವಳಿಗೇನು! ಯಶಸ್ವಿನಿ ಹಾಲಿನ ಗೋಡೆಗೆಂದು ಶೇಡ್ ಕಾರ್ಡಿನ ಬಣ್ಣಗಳನ್ನು ಆ ಟೈಲ್ಸಿನ ಪಕ್ಕ ಒಂದೊಂದಾಗಿ ಹಿಡಿದಳು. ಒಂದಕ್ಕೆ ಇಬ್ಬರೂ ಒಟ್ಟಿಗೇ "ಇದೇ!" ಅಂದರು.

ಟೈಲ್ಸ್ ಕೂತವು. ಬಣ್ಣ ಬಳಿದ ದಿನ ಹೊಂಬಾಳಮ್ಮ ಬಂದು ನೋಡಿದಳು. ಹಾಲಿನ ಗೋಡೆ ಬೆಳ್ಳಗೆ ಸುಣ್ಣದ ಹಾಗೆ, ಟೈಲ್ಸು ಕೆನೆಯ ಹಾಗೆ. ಎರಡಕ್ಕೂ ಸಂಬಂಧವೇ ಇಲ್ಲ! ನರಸಿಂಹಯ್ಯನವರು ಬೆನ್ನ ಹಿಂದೆ ಕೈಕಟ್ಟಿ ಓಡಾಡಿದರು. "ನಾನ್ ಬಡ್ಕೊಂಡೆ. ಕೇಳಿದ್ರಾ? ಚಾಕಲೇಟ್ ಹಾಕ್ಸಿದ್ರೆ ಈ ತಾಪತ್ರಯಾನೇ ಇರ್ತಿರ್ಲಿಲ್ಲ."

ಹೊಂಬಾಳಮ್ಮ ಪಾಪ, ಒಳಗೆ ಹೋದಳು. ಬೆಳಿಗ್ಗೆ ಎದ್ದು ಕಿಟಕಿ ತೆಗೆದವಳು ಕೂಗಿದ ಕೂಗಿಗೆ ಮನೆಯೆಲ್ಲ ಎದ್ದಿತು. ಹಸಿಯಿದ್ದಾಗ ಬೆಳ್ಳಗಿದ್ದ ಬಣ್ಣ ಒಣಗಿ ಕೆನೆಗಟ್ಟಿತ್ತು! ಬಿಸಿಲು ಹಾಲಿನ ಗೋಡೆಯಿಂದ ಒಲೆಯವರೆಗೂ ಒಂದೇ ಸಮ ಹರಿದಿತ್ತು. ಟೈಲ್ಸು ಎಲ್ಲಿ ಮುಗಿಯಿತು, ಪೇಂಟು ಎಲ್ಲಿ ಶುರುವಾಯಿತು, ಕೈಯಾಡಿಸಿದರೆ ಮಾತ್ರ ಗೊತ್ತಾಗಬೇಕು. ಅತ್ತೆ ಸೊಸೆ ಕೈಹಿಡಿದು ಕುಣಿಯುವುದೊಂದು ಬಾಕಿ. ನರಸಿಂಹಯ್ಯನವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು, ಪೇಪರ್ ಹಿಡಿದು ಕೂತರು.

ಮಧ್ಯಾಹ್ನ ಹಿದುಕಿದ ಬೇಳೆ ಸಾರು, ಮುದ್ದೆ. ಹೊಂಬಾಳಮ್ಮ ಎಲ್ಲರಿಗೂ ಬಡಿಸಿದಳು. ಆಮೇಲೆ ತನ್ನ ತಟ್ಟೆಗೂ ಹೊಗೆಯಾಡುವ ಮುದ್ದೆ ಹಾಕಿಕೊಂಡು, ಗೋಡೆಯಿದ್ದ ಜಾಗ ದಾಟಿ ಬಂದು, ಮಗ ರಂಗನಾಥನ ಪಕ್ಕದ ಕುರ್ಚಿ ಎಳೆದು ಕೂತಳು. ಮೊದಲ ತುತ್ತು ಗಂಟಲಲ್ಲಿ ಇಳಿಯುವಾಗ ಕಣ್ಣಲ್ಲಿ ನೀರೇ ಬಂತು. ಬಿಸಿಗೋ, ಖುಷಿಗೋ.

"ಸಾರೂ!" ಎಂದು ಕೂಗಿದರು ನರಸಿಂಹಯ್ಯನವರು. ಗೋಡೆಯಾಚೆಗೆ ಕೇಳಿಸಬೇಕು, ಅಷ್ಟು ಜೋರಾಗಿ. ಎದುರಿಗೇ ಕೂತಿದ್ದ ಹೆಂಡತಿ ಬೆಚ್ಚಿಬಿದ್ದಳು. ಏಳಲು ಹೋದವಳು ತಡೆದು ಮತ್ತೆ ಕೂತಳು.

"ಕೂಗ್ಬೇಡಿ, ಇಲ್ಲೇ ಇದೀನಿ. ನಾನೂ ಉಣ್ತಿದೀನಿ. ಪಾತ್ರೆ ಅಗೋ, ಅಲ್ಲೇ ಕಾಣ್ತಿದೆಯಲ್ಲ. ಹಾಕ್ಕೊಂಡ್ ಬನ್ನಿ."

ರಂಗನಾಥನ ಕೈ ತಟ್ಟೆಯಲ್ಲೇ ನಿಂತಿತ್ತು. ನರಸಿಂಹಯ್ಯನವರು ಹೆಂಡತಿಯ ತಟ್ಟೆ ನೋಡಿದರು, ಅದರಿಂದ ಏಳುತ್ತಿದ್ದ ಹೊಗೆ ನೋಡಿದರು. ನಿಧಾನವಾಗಿ ತಟ್ಟೆ ಎತ್ತಿಕೊಂಡು ಎದ್ದರು. ಒಲೆ ನೇರ ಎದುರಿಗೇ ಇತ್ತು. ಆದರೂ ಅವರು ಹಾಲಿನ ತುದಿಯವರೆಗೆ ಸುತ್ತಿ ಹೋದರು, ಆ ಗಿಡ್ಡ ಬಾಗಿಲಿದ್ದ ಜಾಗಕ್ಕೆ. ಅಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಇಲ್ಲದ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಕಾಲಿಟ್ಟರು.