ಕೆಂಪು ಬೇಡವೆಂದ ಮಾಲಿ

ಮಾಲಿಯ ಮೇಲೆ ಕಣ್ಣಿಡಲೆಂದೇ ತಂಗಿ ಕಿಟಕಿಯ ಪರದೆ ಸರಿಸಿದಳು. ಕೆಲವು ತಿಂಗಳಿಂದ ಅವನು ಅಕ್ಕನ ಮನೆಗೆ ಬರುತ್ತಿದ್ದ. ಯಾರೂ ಕರೆದಿರಲಿಲ್ಲ. ಗೇಟಿನ ಬಳಿ ನಿಂತು, “ಅಂಗಳ ಹಾಳುಬಿದ್ದಿದೆ, ಗಿಡ ಹಾಕಿಕೊಡಲಾಮ್ಮ?” ಎಂದು ಕೇಳಿದ್ದನಂತೆ. ಅಕ್ಕ ಒಂದು ಗಳಿಗೆ ಅವನ ಮುಖ ನೋಡಿ ಚಿಲಕ ತೆಗೆದಿದ್ದಳು.

ಒಂಟಿ ಹೆಂಗಸು, ಸ್ವಂತ ಮನೆ. ಹೋದ ವಾರವಷ್ಟೇ ಅಕ್ಕನ ಜೊತೆಗಿರಲು ಬಂದ ತಂಗಿಗೆ ಅವನ ಹುನ್ನಾರ ಅರ್ಥವಾಗಿಹೋಗಿತ್ತು.

ಹೊರಗೆ ಅಕ್ಕ ಗಿಡ ಆರಿಸುತ್ತಿದ್ದಳು. “ಒಂದು ಸಲ ಹೂ ಬಿಟ್ಟು ಸಾಯೋವು ಬೇಡ. ವರ್ಷ ವರ್ಷ ಬರೋವು ಬೇಕು.” ದನಿಯಲ್ಲಿ ಏರಿಳಿತವಿಲ್ಲ. ಮಗ ಸತ್ತ ಮೇಲೆ ಅವಳ ದನಿಯೇ ಹಾಗೆ.

“ಹಾಗಾದ್ರೆ ಹಳದಿ ಸೇವಂತಿಗೆ ಹಾಕೋಣಮ್ಮ. ಆ ಕಡೆ ಬಿಳಿ ಲಿಲ್ಲಿ.”

“ಕೆಂಪು ಕಾಬಾಳೆ?”

“ಕೆಂಪು ಬೇಡಮ್ಮ.”

“ಹಾಕು. ಎದ್ದು ಕಾಣಲಿ.”

ಅವನು ತಲೆಯೆತ್ತದೆ ಗುಂಡಿ ತೋಡಿದ.

ಅವನು ಹೋದ ಮೇಲೆ ತಂಗಿ ಶುರುಮಾಡಿದಳು. “ಊಟ ಕೊಟ್ರೂ ಹೊಸ್ತಿಲು ದಾಟಲ್ಲ, ಬಿಸಿಲಲ್ಲೇ ಕೂತು ತಿಂತಾನೆ. ಏನು ನಾಟಕ!”

ಅಕ್ಕನ ಗಮನ ಬೇರೆಲ್ಲೋ ಇತ್ತು. “ಪುಟ್ಟನಿಗೂ ಸೇವಂತಿಗೆ ಅಂದ್ರೆ...” ಎಂದು ಮಗನ ಮಾತು ತೆಗೆದಳು.

“ಮತ್ತೆ ಅದೇನಾ? ಎಷ್ಟು ವರ್ಷ ಆಯ್ತು, ಬಿಡಕ್ಕ,” ಎಂದು ತಂಗಿ ಟಿವಿ ಹಾಕಿದಳು.

ಮರುದಿನ ತಂಗಿ ಅವನು ಗಿಡ ತರುವ ನರ್ಸರಿಗೇ ಹೋಗಿ ವಿಚಾರಿಸಿದಳು. ಮಾಲೀಕ ಕುಂಡ ತೊಳೆಯುತ್ತ ಹೇಳಿದ: “ಪಾಪದ ಮನುಷ್ಯ. ಮೊದಲು ಲಾರಿ ಓಡಿಸ್ತಿದ್ದ. ಡೈರಿ ತಿರುವಲ್ಲಿ ಇವನ ಲಾರಿಗೆ ಸಿಕ್ಕಿ ಸೈಕಲ್ ಹುಡುಗನೊಬ್ಬ ಹೋಗಿಬಿಟ್ಟ. ಜೈಲಿಂದ ಬಂದ ಮೇಲೆ ಇವನು ಸ್ಟೇರಿಂಗ್ ಮುಟ್ಟಿಲ್ಲ.”

ಡೈರಿ ತಿರುವು. ಪುಟ್ಟ ಸೈಕಲ್ಲಿನಿಂದ ಬಿದ್ದು ಸತ್ತದ್ದೂ ಅಲ್ಲೇ. ಕೇಸು ನಡೆಯುವಾಗ ಅವಳು ದೂರದ ಊರಿನಲ್ಲಿದ್ದಳು. ಕೋರ್ಟಿಗೆ ಅಕ್ಕ ಒಬ್ಬಳೇ ಅಲೆದಿದ್ದಳು.

ಏದುಸಿರು ಬಿಡುತ್ತ ಮನೆಗೆ ಬಂದಾಗ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಅಂಗಳದ ಆ ತುದಿಯಲ್ಲಿ ಮಾಲಿ ನೀರು ಹಾಕುತ್ತಿದ್ದ.

“ಅಕ್ಕ, ಅವನು ಯಾರು ಗೊತ್ತಾ? ನಮ್ಮ ಪುಟ್ಟನ್ನ...”

“ಗೊತ್ತು. ಗೇಟಲ್ಲಿ ನಿಂತಾಗಲೇ ಗುರುತು ಹಿಡಿದೆ.”

“ಮತ್ತೆ ಯಾಕೆ ಒಳಗೆ ಬಿಟ್ಟೆ?”

“ಪುಟ್ಟನ್ನ ಎಲ್ಲರೂ ಮರೆತ್ರು ಕಣೇ, ನೀನೂ ಸೇರಿ,” ಎಂದಳು ಅಕ್ಕ, ಅದೇ ದನಿಯಲ್ಲಿ. “ಮರೀದೆ ಇರೋನು ಇವನೊಬ್ಬನೇ.”